ಕಾಮಸಮುದ್ರದ ಕಾಡಿಗೆ ಒಂದು ಬೀಡಿ ತುಂಡು ಸಾಕು!

ಕಾಡಿಗೆ ಬೆಂಕಿ ಬಿತ್ತೆಂದರೆ ‘ಬಿದಿರಿಗೆ ಬಿದಿರು ಉಜ್ಜಿಕೊಂಡಿತು’ ಅನ್ನೋ ಹಳೇ ಕಥೆ ಕೆಜಿಎಫ್-ಬಂಗಾರಪೇಟೆ ಬಸ್ಸಿನಲ್ಲಿ ಇನ್ನೂ ಓಡುತ್ತಿದೆ. ನಮ್ಮ ಸೀಮೆಯಲ್ಲಿ ಉಜ್ಜಿಕೊಳ್ಳೋಕೆ ಅಷ್ಟು ಬಿದಿರೆಲ್ಲಿದೆ ಸ್ವಾಮಿ? ಇರೋದು ಕುರುಚಲು, ಲಂಟಾನ, ನೀಲಗಿರಿ ತೋಪು, ಒಣಹುಲ್ಲು. ಹಚ್ಚುವುದು ಮನುಷ್ಯನ ಕೈ. ಒಬ್ಬ ಬೀಡಿ ಎಸೆಯುತ್ತಾನೆ. ಇನ್ನೊಬ್ಬ ಹೊಲದ ಕಸಕ್ಕೆ ಬೆಂಕಿಯಿಟ್ಟು ಮನೆಗೆ ಹೋಗುತ್ತಾನೆ. ಮತ್ತೊಬ್ಬ, ಮಳೆ ಬಿದ್ದರೆ ಕುರಿಗೆ ಎಳೇ ಹುಲ್ಲು ಚಿಗುರಲಿ ಅಂತ ಬೇಕೆಂದೇ ಕಡ್ಡಿ ಗೀರುತ್ತಾನೆ. ಹುಲ್ಲೇನೋ ಬರುತ್ತದೆ. ಆದರೆ ಸಸಿಗಳು ಸತ್ತು, ಬೋಳು ಗುಡ್ಡದ ಮಣ್ಣು ಕೊಚ್ಚಿ ಕೆರೆಗಿಳಿಯುತ್ತದೆ. ಆಮೇಲೆ ಹೂಳು ತೆಗೆಸಿ ಅಂತ ಅರ್ಜಿ ಹಿಡಿದು ಓಡಾಡುವವರೂ ನಾವೇ.

ಬೆಂಕಿ ತಡೆಯೋ ಕೆಲಸ ಏಪ್ರಿಲ್‌ನದಲ್ಲ, ಡಿಸೆಂಬರ್-ಜನವರಿಯದು. ಆಗಲೇ ಬೆಂಕಿ ರೇಖೆ ಎಳೆಯಬೇಕು. ಅಂದರೆ ರಸ್ತೆ ಪಕ್ಕ, ಕಾಡಿನಂಚಿನ ಹುಲ್ಲು ಕೊಯ್ದು, ಕಾವಲಿದ್ದು ಸುಟ್ಟು, ನೆಲ ಬರಿದು ಮಾಡೋದು. ಎಲೆ ಮತ್ತೆ ಉದುರುತ್ತೆ, ಮತ್ತೆ ಗುಡಿಸಬೇಕು. ಮಾಡೋರು ಬೇಸಿಗೆ ಮಟ್ಟಿಗೆ ಕೂಲಿಗೆ ಬರುವ ಫೈರ್ ವಾಚರ್‌ಗಳು. ಬೆಂಕಿ ಎದ್ದರೆ ಹಸಿ ಸೊಪ್ಪಿನ ಕೊಂಬೆಯೇ ಅವರ ಆಯುಧ. ಫೈರ್ ಇಂಜಿನ್ ರಸ್ತೆ ಇರೋವರೆಗೆ ಬರುತ್ತೆ, ಗುಡ್ಡ ಹತ್ತೋಲ್ಲ. ಬೆಂಕಿಯೋ, ಏರಿನಲ್ಲೇ ಜೋರಾಗಿ ಓಡುತ್ತದೆ. ಮೇಲೆ ನಿಂತವನಿಗೆ ತಪ್ಪಿಸಿಕೊಳ್ಳೋದು ಕಷ್ಟ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಅರಣ್ಯ ರಕ್ಷಕರೊಬ್ಬರು, 2023ರ ಫೆಬ್ರವರಿಯಲ್ಲಿ ಸಕಲೇಶಪುರ ಕಡೆ ಇನ್ನೊಬ್ಬರು ಕಾಡಿನ ಬೆಂಕಿಗೆ ಬಲಿಯಾದರು. 2019ರಲ್ಲಿ ಬಂಡೀಪುರ 4,000 ಹೆಕ್ಟೇರಿಗೂ ಮೀರಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು. ಕಾಮಸಮುದ್ರಕ್ಕೆ ಯಾರು ಕಳಿಸುತ್ತಾರೆ?

ನಮ್ಮ ಕಡೆ ಇನ್ನೊಂದು ಪೇಚಿದೆ. ಆಂಧ್ರ, ತಮಿಳುನಾಡು ಗಡಿ ದಾಟಿ ಬರುವ ಆನೆಗಳಿಗೆ ಕಾಡಿನ ಮೇವೇ ಸುಟ್ಟುಹೋದರೆ ಅವು ರಾಗಿ, ಟೊಮೆಟೊ ಹೊಲಕ್ಕಲ್ಲದೆ ಎಲ್ಲಿಗೆ ಹೋದಾವು? ಆನೆ ಓಡಿಸಲು ರೈತ ಪಟಾಕಿ ಹಚ್ಚುತ್ತಾನೆ. ಅದರ ಕಿಡಿ ಬೀಳೋದೂ ಒಣಹುಲ್ಲಿನ ಮೇಲೆಯೇ. ರೈತನನ್ನು ಬೈದು ಪ್ರಯೋಜನವಿಲ್ಲ. ವರ್ಷದ ಅನ್ನ ತುಳಿದು ಹೋಗುವಾಗ ಯಾರು ತಾನೇ ಕೆಳಗೆ ನೋಡುತ್ತಾರೆ? ಕಾಡಂಚಿನ ಹುಲ್ಲು ಮೊದಲೇ ಕೊಯ್ದಿದ್ದರೆ ಆ ಕಿಡಿ ಅಲ್ಲೇ ಸಾಯುತ್ತಿತ್ತು.

ಮೀಸಲು ಅರಣ್ಯಕ್ಕೆ ಬೆಂಕಿ ಇಡೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಗುಡ್ಡದಲ್ಲಿ ಹೊಗೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಇಲ್ಲವೇ 112ಕ್ಕೆ ಫೋನ್ ಮಾಡಿ. ‘ಅಲ್ಲೆಲ್ಲೋ ಉರೀತಿದೆ’ ಅಂದರೆ ಸಾಲದು. ಗುಡ್ಡದ ಹೆಸರು, ಹತ್ತಿರದ ಊರು, ಹೋಗೋ ದಾರಿ ಹೇಳಿ.