ಎಡಕ್ಕೆ ಬಲ, ಈಗಕ್ಕೆ ಆಗ

ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಹುಡುಗನೊಬ್ಬ ರಾತ್ರಿ ವಾರ್ಡಿಗೆ ಬಂದಿದ್ದಾನೆ ಎಂದುಕೊಳ್ಳಿ. ಎಚ್ಚರವಾಗಿದ್ದಾನೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ಆದರೂ ಡ್ಯೂಟಿಯಲ್ಲಿರುವ ಸಿಸ್ಟರ್ ಅವನನ್ನು ನೆಮ್ಮದಿಯಾಗಿ ಮಲಗಲು ಬಿಡುವುದಿಲ್ಲ. ಮತ್ತೆ ಮತ್ತೆ ಬಂದು ರೆಪ್ಪೆ ಎತ್ತಿ ಟಾರ್ಚು ಬಿಡುತ್ತಾರೆ, ಹೆಸರು ಕೇಳುತ್ತಾರೆ, ‘ನನ್ನ ಕೈ ಹಿಸುಕಪ್ಪ’ ಎನ್ನುತ್ತಾರೆ. ಪಕ್ಕದಲ್ಲಿ ಕೂತ ತಾಯಿಗೆ ಸಿಟ್ಟು: ‘ಈಗ ತಾನೇ ಕಣ್ಣು ಮುಚ್ಚಿದ್ದ, ಯಾಕೆ ಸಿಸ್ಟರ್ ಎಬ್ಬಿಸ್ತೀರಿ?’

ಸಿಸ್ಟರ್ ನೋಡುತ್ತಿರುವುದು ಕಣ್ಣಿನ ನಡುವಿನ ಕಪ್ಪು ಕಿಂಡಿಯನ್ನು, ಅಂದರೆ ಪಾಪೆಯನ್ನು. ಬೆಳಕಿನಲ್ಲಿ ಅದರ ಅಗಲ ಸುಮಾರು 2ರಿಂದ 4 ಮಿಲಿಮೀಟರ್, ಕತ್ತಲಲ್ಲಿ 4ರಿಂದ 8. ಬಲಗಣ್ಣಿಗೆ ಮಾತ್ರ ಬೆಳಕು ಬಿಟ್ಟರೂ ಎಡಗಣ್ಣಿನ ಪಾಪೆಯೂ ಜೊತೆಗೇ ಕುಗ್ಗುತ್ತದೆ. ಒಂದು ಕಣ್ಣಿನ ಸುದ್ದಿ ಮಿದುಳಿನಲ್ಲಿ ಎರಡೂ ಬದಿಗೆ ಹಂಚಿಹೋಗುವುದರಿಂದ ಹೀಗಾಗುತ್ತದೆ.

ತಲೆಬುರುಡೆ ಗಟ್ಟಿ ಡಬ್ಬಿ. ಒಳಗೆ ರಕ್ತ ಜಿನುಗಿ ಕಟ್ಟಿಕೊಂಡರೆ ಮಿದುಳಿಗೆ ಸರಿಯಲು ಜಾಗವಿಲ್ಲ, ಕೆಳಕ್ಕೆ ಒತ್ತರಿಸಿಕೊಂಡು ಬರುತ್ತದೆ. ಆಗ ಪಾಪೆಯನ್ನು ಕುಗ್ಗಿಸುವ ಮೂರನೆಯ ಕಪಾಲ ನರ ನಡುವೆ ಸಿಕ್ಕಿ ನಲುಗುತ್ತದೆ. ಸಾಮಾನ್ಯವಾಗಿ ರಕ್ತ ಕಟ್ಟಿದ ಬದಿಯ ಪಾಪೆಯೇ ಹಿಗ್ಗಿ, ಟಾರ್ಚಿಗೂ ಜಗ್ಗದೆ ನಿಲ್ಲುತ್ತದೆ. ಹತ್ತು ಗಂಟೆಗೆ ಎರಡೂ 3 ಮಿಲಿಮೀಟರ್ ಇದ್ದು, ಹನ್ನೊಂದಕ್ಕೆ ಬಲಗಡೆಯದು 5 ಆಗಿದ್ದರೆ ಡಾಕ್ಟರಿಗೆ ಆಗಲೇ ಫೋನು ಹೋಗುತ್ತದೆ. 5 ಎಂಬ ಅಂಕಿ ತಾನಾಗಿ ಕೆಟ್ಟದ್ದಲ್ಲ, ಕತ್ತಲಲ್ಲಿ ನಮ್ಮೆಲ್ಲರದೂ ಅಷ್ಟಾಗುತ್ತದೆ. ಎಡಗಣ್ಣು 3ರಲ್ಲೇ ಇದೆ, ಗಂಟೆಯ ಹಿಂದೆ ಬಲಗಣ್ಣೂ 3ರಲ್ಲಿತ್ತು, ಭಯವಿರುವುದು ಅಲ್ಲಿ. ತಲೆ, ಕಣ್ಣು, ಕತ್ತಿನ ತಪಾಸಣೆ ಬಹುಪಾಲು ಈ ಎರಡು ಹೋಲಿಕೆಗಳ ಮೇಲೆಯೇ ನಿಂತಿದೆ.

ಹೆಸರು ಕೇಳುವುದೂ ಕೈ ಹಿಸುಕಿಸುವುದೂ ಲೆಕ್ಕದ ಭಾಗ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಕೊಟ್ಟ ಅಳತೆಗೋಲು ಇದು: ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ಪೂರ್ತಿ ಎಚ್ಚರವಿದ್ದರೆ 15, ಏನೂ ಸ್ಪಂದನೆ ಇಲ್ಲದಿದ್ದರೂ 3. ಕೇಸ್ ಶೀಟಿನಲ್ಲಿ ‘ಸ್ವಲ್ಪ ಮಂಪರು’ ಎಂದು ಬರೆದರೆ ಮುಂದಿನ ಪಾಳಿಯವರಿಗೆ ಏನೂ ತಿಳಿಯದು. 14 ಇದ್ದದ್ದು 12 ಆಗಿದೆ ಎಂದರೆ ಎಲ್ಲ ತಿಳಿಯುತ್ತದೆ.

ನಮ್ಮ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಕಣ್ಣು ಬೇರೆ ಸುದ್ದಿಯನ್ನೂ ತರುತ್ತದೆ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೇರಿದರೆ ಎರಡೂ ಪಾಪೆ ಸೂಜಿಮೊನೆಯಷ್ಟಾಗುತ್ತವೆ, ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ. ಉಮ್ಮತ್ತಿ ಬೀಜ ತಿಂದ ಮಗುವಿನದು ತದ್ವಿರುದ್ಧ: ಪಾಪೆ ಅಗಲ, ಬಾಯಿ ಒಣ, ಮಾತು ಅಡ್ಡಾದಿಡ್ಡಿ. ತಮಾಷೆಯೆಂದರೆ ಉಮ್ಮತ್ತಿಯಲ್ಲಿರುವ ಅಟ್ರೋಪಿನ್ನೇ ಆ ಕೀಟನಾಶಕದ ವಿಷಕ್ಕೆ ಮದ್ದು. ಇನ್ನು ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವು, ಬಾವು ಹೆಚ್ಚಾಗಿ ಇರುವುದೇ ಇಲ್ಲ. ಮೊದಮೊದಲ ಸುಳಿವು ಜೋತುಬೀಳುವ ರೆಪ್ಪೆ. ನಿದ್ದೆಗಣ್ಣು ಎಂದು ಸುಮ್ಮನಾದರೆ ಮುಂದೆ ಸೋಲುವುದು ಉಸಿರಾಟದ ಸ್ನಾಯುಗಳು.

ಕಣ್ಣಿನ ಬಣ್ಣಕ್ಕೆ ಬೇಕಾದದ್ದು ಕಿಟಕಿಯ ಬೆಳಕು. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದಾಗ ಒಳಗೆ ಕೆಂಪು ಕಾಣದೆ ಬಿಳಿಚಿಕೊಂಡಿದ್ದರೆ ರಕ್ತಹೀನತೆಯ ಅನುಮಾನ. ಕಾಮಾಲೆಯನ್ನು ಹಳದಿ ಬಲ್ಬಿನ ಕೆಳಗೆ ಹುಡುಕುವುದು ದಂಡ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಣ್ಣಿನ ಬಿಳಿಭಾಗದ ಮೂಲೆಗಳು ಹುಟ್ಟಾ ಮಾಸಲಾಗಿರುವುದುಂಟು. ಆದ್ದರಿಂದ ಅನುಭವಸ್ಥ ನರ್ಸು ‘ಕೆಳಗೆ ನೋಡಿ’ ಎಂದು ಮೇಲಿನ ರೆಪ್ಪೆ ಎತ್ತಿ, ಅದರ ಅಡಿಯ ಬಿಳುಪನ್ನು ಪರೀಕ್ಷಿಸುತ್ತಾರೆ. ಕ್ಯಾರೆಟ್ಟು ಅತಿಯಾಗಿ ತಿಂದವರ ಅಂಗೈ ಹಳದಿಯಾಗಬಹುದು, ಕಣ್ಣು ಹಳದಿಯಾಗದು.

ತಲೆಯ ಮಾತು ದೊಡ್ಡವರಲ್ಲಿ ಬೇಗ ಮುಗಿಯುತ್ತದೆ: ಗಾಯ, ಊತ, ಹೇನು, ಕೂದಲು. ಕೂಸಿನ ನೆತ್ತಿ ಹಾಗಲ್ಲ. ಅದು ಒಳಗೆ ಕುಸಿದಿದ್ದರೆ ವಾಂತಿಭೇದಿಯಲ್ಲಿ ಮೈನೀರು ಹೋಗಿದೆ ಎಂದರ್ಥ, ಉಬ್ಬಿದ್ದರೆ ಒಳಗೆ ಒತ್ತಡ ಏರಿರಬಹುದು. ಆದರೆ ಅಳುವಾಗ ಯಾವ ಕೂಸಿನ ನೆತ್ತಿಯಾದರೂ ಉಬ್ಬುತ್ತದೆ, ಸಮಾಧಾನ ಮಾಡಿ ಎತ್ತಿ ಕೂರಿಸಿಕೊಂಡೇ ಮುಟ್ಟಬೇಕು.

ಕತ್ತಿನಲ್ಲಿ ಬೆರಳಿಗೇ ಹೆಚ್ಚು ಕೆಲಸ. ಒಂದು ಗುಟುಕು ನೀರು ನುಂಗಿಸಿದಾಗ ಊತವೂ ಮೇಲೆದ್ದು ಇಳಿದರೆ ಅದು ಬಹುಮಟ್ಟಿಗೆ ಥೈರಾಯ್ಡ್, ಏಕೆಂದರೆ ಆ ಗ್ರಂಥಿ ಧ್ವನಿಪೆಟ್ಟಿಗೆಗೆ ಅಂಟಿಕೊಂಡಿದೆ. ಆಮೇಲೆ ಬೆರಳ ತುದಿ ಕಿವಿಯ ಹಿಂದುಮುಂದು, ದವಡೆಯಡಿ, ಕೊರಳ ಪಕ್ಕ ಸುತ್ತಿ ಕಾಲರ್ ಎಲುಬಿನ ಮೇಲಕ್ಕೆ ಬರುತ್ತದೆ. ಗಂಟಲುನೋವಿಗೆ ಊದಿದ ಗಂಟು ಮುಟ್ಟಿದರೆ ನೋಯುತ್ತದೆ, ಬೆರಳಡಿ ಜಾರುತ್ತದೆ. ನೋಯದೆ, ಒಂದಕ್ಕೊಂದು ಮೆತ್ತಿಕೊಂಡ ಗಂಟುಗಳಾದರೆ ಕ್ಷಯದ ಯೋಚನೆ ಬರಬೇಕು. ಹಿರಿಯರು ಗಂಡಮಾಲೆ ಎನ್ನುತ್ತಿದ್ದದ್ದು ಇಂಥದ್ದನ್ನೇ. ಎಡ ಕಾಲರ್ ಎಲುಬಿನ ಮೇಲಿನ ಗಟ್ಟಿ ಗಂಟು ದೂರದ ಜಠರದ ಕ್ಯಾನ್ಸರಿನ ಸುಳಿವಾಗಿರಬಹುದು. ಎರಡೂ ಬದಿ ಒಟ್ಟಿಗೆ ಮುಟ್ಟಬಾರದ ಜಾಗವೂ ಕತ್ತಿನಲ್ಲೇ ಇದೆ: ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಡಿ. ಒಮ್ಮೆಗೆ ಒಂದನ್ನೇ ನೋಡಬೇಕು.

ಆಸ್ಪತ್ರೆಯಲ್ಲಿ ಯಾರೂ ಕೇಳದಿದ್ದರೂ ಮನೆಯವರು ಹೇಳಬೇಕಾದ ಸಂಗತಿಗಳಿವೆ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದ್ದರೆ, ಆವತ್ತು ಪಾಪೆ ಹಿಗ್ಗಿಸುವ ಹನಿ ಹಾಕಿಸಿದ್ದರೆ, ಗಾಜಿನ ಕಣ್ಣಿದ್ದರೆ, ಎರಡು ಪಾಪೆಗಳ ನಡುವೆ ಚಿಕ್ಕಂದಿನಿಂದಲೇ ತುಸು ವ್ಯತ್ಯಾಸವಿದ್ದರೆ, ಟಾರ್ಚು ಹಿಡಿದು ಬರುವ ಸಿಸ್ಟರ್‌ಗೆ ಮೊದಲೇ ತಿಳಿಸಿಬಿಡಿ.