ದರ್ಶನವಾದ ಮೇಲೆ ಒಂದು ಗಳಿಗೆ

ದೇವಸ್ಥಾನಕ್ಕೆ ಹೋದವರು ದರ್ಶನ ಮುಗಿಯುತ್ತಲೇ ಹೊರಟುಬಿಡಬಾರದು, ಒಂದು ಗಳಿಗೆಯಾದರೂ ಕೂತು ಬರಬೇಕು ಎಂದು ಹಿರಿಯರು ಹೇಳುತ್ತಾರೆ. ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯ ಸ್ವಾಮಿ ದೇವಸ್ಥಾನದಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಗುಡ್ಡದ ಬಂಡೆಯಲ್ಲೇ ಕಡೆದ ಸುಮಾರು 22 ಅಡಿ ಎತ್ತರದ ಆಂಜನೇಯನಿಗೆ ಕೈಮುಗಿದು, ಮಂಗಳಾರತಿ ತೆಗೆದುಕೊಂಡು, ಗಂಡ ಹೆಂಡತಿ ಒಂದು ಪಕ್ಕದಲ್ಲಿ ಕೂರುತ್ತಾರೆ. ಅವಳು ಪ್ರಸಾದದ ಹೂವನ್ನು ಮುಡಿಗೆ ಸಿಕ್ಕಿಸಿಕೊಳ್ಳುತ್ತಾಳೆ, ಅವನು ಒಡೆದ ಕಾಯಿಯ ಹೋಳುಗಳನ್ನು ಚೀಲಕ್ಕೆ ಹಾಕುತ್ತಾನೆ. ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ ಮಗಳ ಪರೀಕ್ಷೆಯೋ ಊರಿನ ತಮ್ಮನ ಸಾಲವೋ ನಿಧಾನವಾಗಿ ಮಾತಿಗೆ ಬರುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಆಡಿದ್ದರೆ ಜಗಳವಾಗುತ್ತಿದ್ದ ಮಾತು ಇಲ್ಲಿ ಬರೀ ಮಾತಾಗಿಯೇ ಉಳಿಯುತ್ತದೆ. ಮನೆಯ ಹತ್ತಿರದಲ್ಲೇ, ಖರ್ಚಿಲ್ಲದೆ, ತಪ್ಪದೆ ಹೋಗಿ ಬರುವ ಇಂಥ ಒಂದು ಜಾಗ ದಾಂಪತ್ಯಕ್ಕೆ ಕೊಡುವ ಬಲವನ್ನು ವರ್ಷಕ್ಕೊಮ್ಮೆಯ ಪ್ರವಾಸ ಕೊಡಲಾರದು.

ಇದು ಏಕೆ ಹೀಗೆ ಎಂದು ತಿಳಿಯಲು ಮೊದಲು ಮನೆಯನ್ನೇ ನೋಡಬೇಕು. ರಾಜಾಜಿನಗರ, ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟಿನಂಥ ಬಡಾವಣೆಗಳಲ್ಲಿ ಇಪ್ಪತ್ತು ಮೂವತ್ತರ, ಮೂವತ್ತು ನಲವತ್ತರ ಸೈಟುಗಳ ಮೇಲೆ ಎರಡು ಮೂರು ಅಂತಸ್ತು ಎದ್ದಿವೆ. ಒಂದೊಂದು ಅಂತಸ್ತಿನಲ್ಲಿ ಒಂದೊಂದು ಸಂಸಾರ. ಹಾಲಿನಲ್ಲಿ ಅತ್ತೆ ಮಾವ, ಟೀವಿ. ಕೋಣೆಯಲ್ಲಿ ಓದುವ ಮಕ್ಕಳು. ಇಬ್ಬರೇ ಕೂತು ಮಾತಾಡಲು ಮೂಲೆಯೇ ಇಲ್ಲ. ಕೂತರೂ ಕಣ್ಣೆದುರಿಗೆ ಮಡಿಸದ ಬಟ್ಟೆ, ಕಟ್ಟದ ಬಿಲ್ಲು, ನಾಳೆಯ ದೋಸೆಗೆ ರುಬ್ಬಬೇಕಾದ ಹಿಟ್ಟು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ; ಅದೇ ಕೆಲಸದಲ್ಲಿ ತೊಡಗಿದ ಗಂಡಸರು ಕೊಡುವುದು 88 ನಿಮಿಷ. ಹಾಗಾಗಿ ಮನೆಯಲ್ಲಿ ಹೆಂಡತಿ ಕೂತಿದ್ದರೂ ಅವಳ ಮನಸ್ಸು ಕೂತಿರುವುದಿಲ್ಲ. ಗಂಡ ಹೆಂಡತಿ ಒಂದೇ ಕಚೇರಿಯ ಇಬ್ಬರು ಗುಮಾಸ್ತರ ಹಾಗೆ ಹಾಲು, ಗ್ಯಾಸು, ಫೀಸಿನ ಲೆಕ್ಕ ಒಪ್ಪಿಸಿ ಮಲಗುತ್ತಾರೆ. ಪ್ರೀತಿ ಬತ್ತಿರುವುದಿಲ್ಲ, ಅದಕ್ಕೆ ಮನೆಯೊಳಗೆ ಸರದಿ ಬಂದಿರುವುದಿಲ್ಲ.

ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ ಇಂಥ ತಾಣಗಳನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರ ತಮ್ಮ ಪುಸ್ತಕದಲ್ಲಿ ‘ಮೂರನೆಯ ಜಾಗ’ ಎಂದು ಕರೆದರು. ಅರಳಿಕಟ್ಟೆ, ಜಗಲಿಗಳ ನಾಡಿಗೆ ಇದು ಹೊಸದಲ್ಲ. ಆದರೆ ನಮ್ಮ ಹಳೆಯ ತಾಣಗಳು ಹೆಣ್ಣು ಗಂಡನ್ನು ಬೇರೆ ಮಾಡಿದ್ದವು: ಕಟ್ಟೆ ಗಂಡಸರದು, ಬಾವಿಕಟ್ಟೆ ಹೆಂಗಸರದು. ಇಬ್ಬರೂ ಜೊತೆಯಾಗಿ ಹೋಗಲು ಇದ್ದದ್ದು ದೇವಸ್ಥಾನ, ಜಾತ್ರೆ, ಮದುವೆಮನೆ. ಬೆಂಗಳೂರಿನ ಬಡಾವಣೆ ಆ ಪಟ್ಟಿಗೆ ಪಾರ್ಕನ್ನೂ ದರ್ಶಿನಿಯನ್ನೂ ಸೇರಿಸಿತು. 1980ರ ದಶಕದಲ್ಲಿ ಈ ಊರಿನಲ್ಲಿ ಹುಟ್ಟಿದ ದರ್ಶಿನಿಯಲ್ಲಿ ಮಾಣಿಯಿಲ್ಲ, ಕುರ್ಚಿಯಿಲ್ಲ, ಹೆಚ್ಚು ದುಡ್ಡಿನ ಮಾತೂ ಇಲ್ಲ. ಅಲ್ಲಿ ‘ಬೈ ಟೂ ಕಾಫಿ’ ಎಂದರೆ ಒಂದು ಕಾಫಿ ಎರಡು ಲೋಟಕ್ಕೆ ಬರುತ್ತದೆ. ಎತ್ತರದ ಮೇಜಿನ ಎದುರುಬದುರು ನಿಂತ ಇಬ್ಬರು ಎರಡರ ಮಟ್ಟವನ್ನೂ ನೋಡುತ್ತಾರೆ, ನೊರೆ ಹೆಚ್ಚಿದ್ದನ್ನು ಒಬ್ಬರು ಇನ್ನೊಬ್ಬರ ಕಡೆಗೆ ಸರಿಸುತ್ತಾರೆ. ಮೆಟ್ರೊ ಇಳಿದು ಮನೆ ಸೇರುವ ಮುಂಚಿನ ಈ ಹತ್ತು ನಿಮಿಷದಲ್ಲಿ ಅವರು ಯಾರ ಅಪ್ಪ ಅಮ್ಮನೂ ಅಲ್ಲ, ಯಾರ ಮಗ ಸೊಸೆಯೂ ಅಲ್ಲ.

ಇಷ್ಟು ಚಿಕ್ಕ ಸಂಗತಿಗೆ ದಾಂಪತ್ಯ ಉಳಿಸುವಷ್ಟು ಶಕ್ತಿ ಇದೆಯೇ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೊಸದಾಗಿ ಮದುವೆಯಾದ ಜೋಡಿಗಳನ್ನು ಗಮನಿಸಿ, ಆರು ವರ್ಷದ ನಂತರ ಮತ್ತೆ ವಿಚಾರಿಸಿದರು. ‘ಅಲ್ಲಿ ನೋಡು’ ಎಂದು ಒಬ್ಬರು ಅಂದಾಗ ಇನ್ನೊಬ್ಬರು ತಿರುಗಿ ನೋಡುತ್ತಾರೋ ಇಲ್ಲವೋ ಎಂಬುದು ಅವರು ಅಳೆದ ಸಂಗತಿಗಳಲ್ಲೊಂದು. ಅವರ ವರದಿಯಂತೆ, ಜೊತೆಯಲ್ಲಿ ಉಳಿದವರು ಇಂಥ ಕರೆಗಳಿಗೆ ಶೇಕಡಾ 86ರಷ್ಟು ಸಲ ಓಗೊಟ್ಟಿದ್ದರು. ಬೇರೆಯಾದವರು ಶೇಕಡಾ 33ರಷ್ಟು ಮಾತ್ರ. ಮನೆಯಲ್ಲಿ ಈ ಕರೆಗಳು ಮಿಕ್ಸಿಯ ಸದ್ದಿನಲ್ಲಿ ಕೇಳಿಸದೆ ಹೋಗುತ್ತವೆ. ದೇವಸ್ಥಾನದ ಅಂಗಳದಲ್ಲಾಗಲಿ ಪಾರ್ಕಿನ ಬೆಂಚಿನ ಮೇಲಾಗಲಿ ನೋಡಲು, ತೋರಿಸಲು ಏನಾದರೂ ಇದ್ದೇ ಇರುತ್ತದೆ. ಓಗೊಡಲು ಬಿಡುವೂ ಇರುತ್ತದೆ. ಮೇಲಾಗಿ ಆ ಜಾಗಕ್ಕೆ ಸಾಕ್ಷಿಗಳಿದ್ದಾರೆ. ಹೂ ಮಾರುವಾಕೆ, ಕಾಫಿ ಕೊಡುವ ಹುಡುಗ, ದಿನವೂ ಎದುರಾಗುವ ಹಿರಿಯ ಜೋಡಿ ಈ ಗಂಡ ಹೆಂಡತಿಯನ್ನು ‘ಇಬ್ಬರು’ ಎಂದೇ ಗುರುತಿಸುತ್ತಾರೆ. ಒಬ್ಬರೇ ಹೋದರೆ ‘ಎಲ್ಲಿ, ಮನೆಯವರು ಬರಲಿಲ್ಲವೇ?’ ಎಂದು ಕೇಳುತ್ತಾರೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಿಂದಲೂ ಕನ್ನಡಿಗರಿಗೆ ಹತ್ತಿರವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು: ಅಲ್ಲಿನ ದಂಪತಿಗಳ ಒಲವು ಊರು, ಬಂಧು ಬಳಗದ ನಡುವೆ ಅರಳುತ್ತದೆ, ನಾಲ್ಕು ಗೋಡೆಯ ಗುಟ್ಟಾಗಿ ಉಳಿಯುವುದಿಲ್ಲ.

ಹೊಂದಿಕೊಂಡಿರುವವರು ತಾನೇ ಜೊತೆಯಾಗಿ ಹೊರಗೆ ಹೋಗುವುದು, ಜಾಗದಿಂದ ಹೊಂದಿಕೆ ಹುಟ್ಟುತ್ತದೆಯೇ ಎಂದು ಕೇಳಬಹುದು. ಇದರಲ್ಲಿ ನಿಜವಿದೆ. ಗಾಟ್‌ಮನ್ ಅಂಕಿಗಳೂ ಯಾವುದು ಕಾರಣ, ಯಾವುದು ಫಲ ಎಂದು ತೀರ್ಪು ಕೊಡುವುದಿಲ್ಲ. ಆದರೆ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುರುಪಿನ ಹೊಸ ಚಟುವಟಿಕೆಯೊಂದನ್ನು ಕೆಲವೇ ನಿಮಿಷ ಜೊತೆಯಾಗಿ ಮಾಡಿದ ಜೋಡಿಗಳಿಗೆ ತಮ್ಮ ಸಂಬಂಧ ಮೊದಲಿಗಿಂತ ಚೆನ್ನಾಗಿ ಕಂಡಿತು. ಜೊತೆಯಾಗಿ ಮಾಡುವ ಕೆಲಸವೇ ಒಲವನ್ನು ಹೆಚ್ಚಿಸಬಲ್ಲದು ಎಂದಾಯಿತು. ‘ಅದು ಹೊಸತನದ ಮಹಿಮೆ, ದಿನದಿನದ ಜಾಗದಲ್ಲಿ ಹೊಸದೇನಿದೆ?’ ಎಂಬುದು ಮುಂದಿನ ಪ್ರಶ್ನೆ. ಜಾಗ ಹಳೆಯದಾದರೂ ಅಲ್ಲಿಗೆ ಬರುವ ದಿನ ಹಳೆಯದಲ್ಲ. ಹನುಮ ಜಯಂತಿಯ ಜನ, ಶ್ರಾವಣ ಶನಿವಾರದ ಸಾಲು, ಮಳೆ ನಿಂತ ಸಂಜೆ ಒಂದರಂತೆ ಒಂದಿಲ್ಲ. ಜೊತೆಗೆ, ಹೊಸ ಊರಿಗೆ ಹೋಗಲು ರಜೆ ಬೇಕು, ಹಣ ಬೇಕು. ಗುಡ್ಡ ಹತ್ತಲು ಎರಡೂ ಬೇಡ. ಹೊಸತನ ಹಬ್ಬದ ಊಟವಾದರೆ ಅಭ್ಯಾಸ ದಿನದ ಅನ್ನ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಗಂಡ ತನ್ನ ಗೆಳೆಯರ ಅಡ್ಡೆಗೆ ಹೆಂಡತಿಯನ್ನು ಕರೆದೊಯ್ದು ಪಕ್ಕದಲ್ಲಿ ಕೂರಿಸುವುದು ಜೊತೆಯಲ್ಲ. ಜಾಗ ಇಬ್ಬರಿಗೂ ಸಲ್ಲಬೇಕು. ಇಬ್ಬರೂ ಜೊತೆಯಾಗಿ ಹೊರಟರೆ ಮೂರು ಮನೆ ಆಚೆಗಿನವರ ಕಣ್ಣು ಸೊಸೆಯ ಮೇಲೇ ಬೀಳುತ್ತದೆ, ಗಂಡನ ಮೇಲಲ್ಲ, ಎಂಬುದೂ ನಿಜ. ಅಲ್ಲಿ ‘ಇಬ್ಬರೂ ಹೋಗಿ ಬನ್ನಿ, ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ’ ಎಂಬ ಅತ್ತೆಯ ಒಂದು ಮಾತು ಎಷ್ಟೋ ನಾಲಿಗೆಗಳನ್ನು ಕಟ್ಟುತ್ತದೆ. ಹೊಡೆತ ಬಡಿತ ಇರುವ ಮನೆಗೆ ಮಾತ್ರ ಪಾರ್ಕಿನ ಬೆಂಚು ಮದ್ದಲ್ಲ. ಅಲ್ಲಿ ಬೇಕಾದದ್ದು ರಕ್ಷಣೆ ಮತ್ತು ಕಾನೂನು. ಅಂಥ ಹೆಣ್ಣುಮಗಳಿಗೆ ‘ಜೊತೆಯಾಗಿ ಸುತ್ತಾಡಿ ಬನ್ನಿ’ ಎಂದು ಬುದ್ಧಿ ಹೇಳುವುದು ಅನ್ಯಾಯ.

ಕೊನೆಗೆ ಉಳಿಯುವುದು ‘ಪುರುಸೊತ್ತೆಲ್ಲಿದೆ?’ ಎಂಬ ಮಾತು. ನಮ್ಮ ಹಳೆಯ ಲೆಕ್ಕದಲ್ಲಿ ಒಂದು ಗಳಿಗೆ ಎಂದರೆ 24 ನಿಮಿಷ. ಹೆಂಗಸರ 289ಕ್ಕೂ ಗಂಡಸರ 88ಕ್ಕೂ ನಡುವಿನ ಅಂತರ 201 ನಿಮಿಷ. ಆ ಅಂತರದಲ್ಲಿ ಪಾತ್ರೆ ತೊಳೆಯುವುದೋ ತರಕಾರಿ ಹೆಚ್ಚುವುದೋ 24 ನಿಮಿಷದ ಕೆಲಸವನ್ನು ಗಂಡ ತನ್ನ ಕೈಗೆ ತೆಗೆದುಕೊಂಡರೆ, ಹೆಂಡತಿಗೆ ಒಂದು ಗಳಿಗೆ ಬಿಡುವು ಹುಟ್ಟುತ್ತದೆ. ದಾಂಪತ್ಯವನ್ನು ಗಟ್ಟಿ ಮಾಡುವ ಕೆಲಸ ಆ ಜಾಗ ತಲುಪುವ ಮೊದಲೇ, ಮನೆಯ ಸಿಂಕಿನ ಮುಂದೆ ಶುರುವಾಗಿರುತ್ತದೆ. ಆಗ ಅವಳು ಗುಡ್ಡದ ಮೇಲೆ ಕೂತಾಗ ಅವಳ ಮನಸ್ಸೂ ಕೂರುತ್ತದೆ.