ಉತ್ತರವಿರುವ ಪುಸ್ತಕ, ವಿವರವಿರುವ ಪುಸ್ತಕ

ಒಂದು ಪರಿಮಾಣವು ಯಾವ ದರದಲ್ಲಿ ಬದಲಾಗುತ್ತಿದೆ ಎಂಬುದನ್ನು ತಿಳಿಸುವ ಅವಕಲನ ಮತ್ತು ಸಣ್ಣಸಣ್ಣ ಬದಲಾವಣೆಗಳನ್ನು ಕೂಡಿಸಿ ಒಟ್ಟು ಮೊತ್ತವನ್ನು ಕಂಡುಕೊಳ್ಳುವ ಅನುಕಲನ, ಇವೆರಡೂ ಸೇರಿ ಕಲನಶಾಸ್ತ್ರವೆನಿಸುತ್ತದೆ. ಅದರ ಮೂಲಸೂತ್ರಗಳು ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತವೆಯಾದರೂ ಯಾವ ಲೆಕ್ಕಕ್ಕೆ ಯಾವ ಸೂತ್ರ ಹೊಂದುತ್ತದೆಂಬ ವಿವೇಚನೆ ಅಭ್ಯಾಸದಿಂದ ಮಾತ್ರ ಬರುವುದರಿಂದ, ಮೇಷ್ಟರ ನೆರವಿಲ್ಲದೆ ಕಲಿಯಹೊರಟವರು ಮೊದಲು ಅರಸುವುದು ಬಿಡಿಸಿ ತೋರಿಸಿದ ಲೆಕ್ಕಗಳನ್ನು. ಕೊನೆಯ ಉತ್ತರವನ್ನಷ್ಟೇ ಕೊಡುವ ಪುಸ್ತಕಕ್ಕೂ ಆ ಉತ್ತರದವರೆಗಿನ ದಾರಿಯನ್ನು ಕಾರಣಸಹಿತ ತೋರಿಸುವ ಪುಸ್ತಕಕ್ಕೂ ಇರುವ ಅಂತರವನ್ನು ಅವರು ಈ ಹಂತದಲ್ಲೇ ಗುರುತಿಸಿಕೊಳ್ಳಬೇಕಾಗುತ್ತದೆ.

ಪಿಯುಸಿ ಹಂತದ ಒಂದು ಹೆಸರಾಂತ ಲೆಕ್ಕವನ್ನು ಗಮನಿಸಬಹುದು. 18 ಸೆಂ.ಮೀ. ಬದಿಯ ಚೌಕಾಕಾರದ ತಗಡಿನ ನಾಲ್ಕು ಮೂಲೆಗಳಲ್ಲಿ ಸಮನಾದ ಚಿಕ್ಕ ಚೌಕಗಳನ್ನು ಕತ್ತರಿಸಿ ತೆಗೆದು, ಉಳಿದ ಅಂಚುಗಳನ್ನು ಮೇಲಕ್ಕೆ ಮಡಿಸಿ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಿದರೆ, ಅದರ ಘನಫಲ ಗರಿಷ್ಠವಾಗಲು ಕತ್ತರಿಸುವ ಚೌಕದ ಬದಿ ಎಷ್ಟಿರಬೇಕು? ಪುಸ್ತಕದ ಕೊನೆಯ ಪುಟಗಳು 3 ಸೆಂ.ಮೀ. ಎಂದು ಹೇಳಿ ಸುಮ್ಮನಾಗುತ್ತವೆ. ವಿವರವಾದ ಪರಿಹಾರವಾದರೋ, ಗರಿಷ್ಠ ಬೆಲೆಯಲ್ಲಿ ಘನಫಲದ ಬದಲಾವಣೆಯ ದರ ಸೊನ್ನೆಯಾಗುತ್ತದೆಂಬ ತತ್ತ್ವದಿಂದ ಹೊರಟು, ಸಮೀಕರಣದಿಂದ 3 ಮತ್ತು 9 ಎಂಬ ಎರಡು ಬೆಲೆಗಳು ಬರುವುದನ್ನು ತೋರಿಸಿ, 9 ಸೆಂ.ಮೀ. ಕತ್ತರಿಸಿದರೆ ತಗಡೇ ಉಳಿಯದ ಕಾರಣ ಅದನ್ನು ಕೈಬಿಟ್ಟು, 3ರಲ್ಲಿ ಸಿಗುವುದು ಗರಿಷ್ಠವೇ ಹೌದೆಂದು ಪರೀಕ್ಷಿಸಿ ಮುಗಿಸುತ್ತದೆ. 9ನ್ನು ಬಿಟ್ಟದ್ದೇಕೆಂದು ಹೇಳುವ ಆ ಒಂದು ಸಾಲಿಗಾಗಿಯೇ ಪರಿಹಾರವನ್ನು ಓದಬೇಕು. ಅದಿಲ್ಲದ ಪರಿಹಾರ, ಹಲವು ಗೈಡುಗಳಲ್ಲಿರುವಂತೆ, ಎಷ್ಟೇ ಉದ್ದವಿದ್ದರೂ ಬರಿಯ ಬೀಜಗಣಿತವಷ್ಟೇ.

ಕರ್ನಾಟಕದ ಪಿಯು ತರಗತಿಗಳಲ್ಲೂ ಬಳಕೆಯಲ್ಲಿರುವ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಎನ್‌ಸಿಇಆರ್‌ಟಿ ಗಣಿತ ಪುಸ್ತಕದಲ್ಲಿ ಅಧ್ಯಾಯದೊಳಗಿನ ಉದಾಹರಣೆಗಳನ್ನು ಪೂರ್ತಿ ಬಿಡಿಸಿ ತೋರಿಸಲಾಗಿದ್ದು, ಅಭ್ಯಾಸದ ಲೆಕ್ಕಗಳಿಗೆ ಉತ್ತರಗಳು ಮಾತ್ರ ಇವೆ. ಉದಾಹರಣೆಗಳ ಪರಿಹಾರವನ್ನು ಕಾಗದದಿಂದ ಮುಚ್ಚಿಟ್ಟು ತಾವೇ ಬಿಡಿಸಿ, ಬಳಿಕ ಹೋಲಿಸಿ ನೋಡುವವರಿಗೆ ಈ ಒಂದೇ ಪುಸ್ತಕದಲ್ಲಿ ಸಾಕಷ್ಟು ಸಾಮಗ್ರಿ ದೊರೆಯುತ್ತದೆ. ಅಮೆರಿಕದ ಟೆಕ್ಸಸ್‌ನ ಲಮಾರ್ ವಿಶ್ವವಿದ್ಯಾಲಯದ ಪಾಲ್ ಡಾಕಿನ್ಸ್ ಅವರ ಉಚಿತ ಟಿಪ್ಪಣಿಗಳಲ್ಲಿ ಈ ಮುಚ್ಚಿಡುವ ಕೆಲಸವನ್ನು ಪುಟವೇ ಮಾಡುತ್ತದೆ, ಏಕೆಂದರೆ ಅಲ್ಲಿ ಪರಿಹಾರ ಓದುಗರು ಕೇಳಿದಾಗಷ್ಟೇ ತೆರೆದುಕೊಳ್ಳುತ್ತದೆ. 2001ರಲ್ಲಿ ತನ್ನ ಪಾಠಗಳನ್ನು ಎಲ್ಲರಿಗೂ ತೆರೆಯುವುದಾಗಿ ಘೋಷಿಸಿದ ಎಂಐಟಿ ಸಂಸ್ಥೆ ಕಲನಶಾಸ್ತ್ರದ ಪ್ರಶ್ನೆಪತ್ರಿಕೆಗಳನ್ನು ಪರಿಹಾರಗಳೊಂದಿಗೆ ಒದಗಿಸಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ 1991ರ ಪಠ್ಯಪುಸ್ತಕವೂ ಉಚಿತವಾಗಿಯೇ ಸಿಗುತ್ತದೆ. ಇನ್ನೂ ಕಠಿಣವಾದುದು ಬೇಕೆನ್ನುವವರಿಗೆ ಮಾಸ್ಕೋದ ಮೀರ್ ಪ್ರಕಾಶನ ಇಂಗ್ಲಿಷಿನಲ್ಲಿ ಹೊರತಂದ ಐ. ಎ. ಮರೋನ್ ಅವರ ಲೆಕ್ಕಗಳ ಸಂಗ್ರಹವಿದೆ. ಇವೆಲ್ಲವೂ ಇಂಗ್ಲಿಷಿನಲ್ಲಿವೆ ಎಂಬುದು ನಿಜವಾದ ತೊಡಕು. ಆದರೂ ಗಣಿತದ ಪುಸ್ತಕಗಳು ಬಳಸಿದ ಪದಗಳನ್ನೇ ಮತ್ತೆಮತ್ತೆ ಬಳಸುವುದರಿಂದ ಕನ್ನಡ ಮಾಧ್ಯಮದವರಿಗೂ ಆ ಭಾಷೆ ಬೇಗ ಪಳಗುತ್ತದೆ.

ಬಿಡಿಸಿದ ಲೆಕ್ಕವನ್ನು ಓದುವುದು ಸೋಮಾರಿತನವೆಂಬ ಭಾವನೆಗೆ ಸಂಶೋಧನೆಯ ಬೆಂಬಲವಿಲ್ಲ. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಪ್ರಕಟಿಸಿದ ಬೀಜಗಣಿತದ ಪ್ರಯೋಗಗಳಲ್ಲಿ, ಬಿಡಿಸಿದ ಉದಾಹರಣೆಗಳನ್ನು ಅಭ್ಯಸಿಸಿದ ವಿದ್ಯಾರ್ಥಿಗಳು ಅದೇ ಬಗೆಯ ಹೊಸ ಲೆಕ್ಕಗಳನ್ನು ಹೆಚ್ಚು ಬೇಗ, ಕಡಿಮೆ ತಪ್ಪುಗಳೊಂದಿಗೆ ಬಿಡಿಸಿದರು. ಅಮೆರಿಕದ ಮಿಷೆಲಿನ್ ಚಿ ಮತ್ತು ಸಂಗಡಿಗರು 1989ರಲ್ಲಿ, ಭೌತಶಾಸ್ತ್ರದ ಉದಾಹರಣೆಗಳನ್ನು ಓದುವಾಗ ಚೆನ್ನಾಗಿ ಕಲಿಯುವವರು ಪ್ರತಿ ಹಂತದ ಕಾರಣವನ್ನು ತಮಗೆ ತಾವೇ ಹೇಳಿಕೊಳ್ಳುತ್ತಾರೆಂದು ತೋರಿಸಿದರು. ಆದರೆ ಕಲಿಕೆ ಬಲಿತ ಮೇಲೆ ಅವೇ ಉದಾಹರಣೆಗಳು ಅಡ್ಡಿಯಾಗಬಲ್ಲವೆಂದು ಮುಂದಿನ ಅಧ್ಯಯನಗಳು ಕಂಡುಕೊಂಡಿವೆಯಾದ್ದರಿಂದ, ಪರಿಚಿತ ಬಗೆಯ ಲೆಕ್ಕಗಳಲ್ಲಿ ಪರಿಹಾರ ನೋಡುವುದನ್ನು ಕ್ರಮೇಣ ಬಿಡಬೇಕಾಗುತ್ತದೆ.

ಹಾಗೆ ಬಿಡುವುದಕ್ಕೆ ಕಲನಶಾಸ್ತ್ರವೇ ಅನುಕೂಲ ಮಾಡಿಕೊಡುತ್ತದೆ. ತಗಡಿನ ಪೆಟ್ಟಿಗೆಯ ಘನಫಲವನ್ನು 2, 3, 4 ಸೆಂ.ಮೀ. ಕತ್ತರಿಗೆ ಲೆಕ್ಕ ಹಾಕಿದರೆ ಕ್ರಮವಾಗಿ 392, 432, 400 ಘನ ಸೆಂ.ಮೀ. ಬರುವುದರಿಂದ, ಉತ್ತರ ಸರಿಯಿರಬಹುದೆಂದು ಪುಸ್ತಕ ತೆರೆಯದೆಯೇ ತಿಳಿಯುತ್ತದೆ. ಅನುಕಲನದಲ್ಲಿ ಈ ಪರೀಕ್ಷೆ ಇನ್ನೂ ಖಚಿತವಾದುದು, ಏಕೆಂದರೆ ಅವಕಲನವು ಅನುಕಲನದ ವಿಲೋಮ ಕ್ರಿಯೆ. ಬಂದ ಉತ್ತರವನ್ನು ಅವಕಲಿಸಿದರೆ ಕೊಟ್ಟ ಲೆಕ್ಕವೇ ಮರಳಿ ಬರಬೇಕು. ಎಕ್ಸ್ ಮತ್ತು ಕೊಸೈನ್ ಎಕ್ಸ್‌ಗಳ ಗುಣಲಬ್ಧವನ್ನು ಅನುಕಲಿಸಿದವರು, ಎಕ್ಸ್ ಮತ್ತು ಸೈನ್ ಎಕ್ಸ್‌ಗಳ ಗುಣಲಬ್ಧಕ್ಕೆ ಕೊಸೈನ್ ಎಕ್ಸನ್ನು ಕೂಡಿಸುವ ಬದಲು ಕಳೆದಿದ್ದರೆ, ಅವಕಲನದಲ್ಲಿ ಮೂಲ ಲೆಕ್ಕದ ಜೊತೆಗೆ ಸೈನ್ ಎಕ್ಸ್‌ನ ಎರಡರಷ್ಟು ಹೆಚ್ಚುವರಿಯಾಗಿ ಉಳಿಯುತ್ತದೆ. ತಪ್ಪಿರುವುದು ಎರಡನೆಯ ಪದದ ಚಿಹ್ನೆಯಲ್ಲಿ ಎಂಬುದನ್ನು ಆ ಶೇಷವೇ ತೋರಿಸಿಕೊಡುವುದರಿಂದ, ಅದನ್ನು ತಿದ್ದಲು ಬಿಡಿಸಿದ ಲೆಕ್ಕವನ್ನು ನೋಡಬೇಕಾದ ಅಗತ್ಯವೇ ಬೀಳುವುದಿಲ್ಲ.